ಬೇಸಗೆಯ ಹೂವೂ ರಾಜಧಾನಿಯ ಕನ್ನಡಿಗರೂ

ದೆಹಲಿಯಲ್ಲಿ ನೆಲೆಸಿರುವ ಕನ್ನಡಿಗರ ವರ್ಷವು ಯುಗಾದಿಯ ಬೇವುಬೆಲ್ಲದಿಂದ ಮೊದಲಾಗಿ ಗಣೇಶ ಚತುರ್ಥಿ, ದಸರೆ, ರಾಜ್ಯೋತ್ಸವಗಳ ಮೂಲಕ ಸಾಗಿ ಸಂಕ್ರಾಂತಿಯ ಎಳ್ಳುಬೆಲ್ಲವನ್ನು ಮುಟ್ಟುತ್ತದೆ. ಈ ಪಂಚಾಂಗದಲ್ಲಿ ಒಂದು ದೊಡ್ಡ ತೆರಪಿದೆ. ಯುಗಾದಿ ಕಳೆದು ಗಣಪತಿ ಬರುವವರೆಗಿನ ನಾಲ್ಕೈದು ತಿಂಗಳು ಒಬ್ಬರನ್ನೊಬ್ಬರು ಕಾಣುವ ಸಂದರ್ಭಗಳೇ ವಿರಳ. ಮೇ ತಿಂಗಳ ನಡುವೆ ಶಾಲೆಗಳಿಗೆ ರಜೆ ಬಂತೆಂದರೆ ಅನುಕೂಲವುಳ್ಳ ಕುಟುಂಬಗಳು ಕರ್ನಾಟಕ ಎಕ್ಸ್‌ಪ್ರೆಸ್ಸನ್ನೋ ಸಂಪರ್ಕ ಕ್ರಾಂತಿಯನ್ನೋ ಹತ್ತಿ ಊರು ಸೇರುತ್ತವೆ. ಉಳಿದವರು ಕಿಟಕಿಗೆ ಪರದೆ ಎಳೆದು, ಕೂಲರನ್ನೋ ಹವಾನಿಯಂತ್ರಕವನ್ನೋ ನಂಬಿ ಮಳೆಗಾಲದ ದಾರಿ ಕಾಯುತ್ತಾರೆ. ದೆಹಲಿಯ ಬೇಸಗೆಯೆಂದರೆ ಹೇಗಾದರೂ ಕಳೆಯಬೇಕಾದ ಶಿಕ್ಷೆ ಎಂಬ ಭಾವನೆ ಮೂರು ತಲೆಮಾರುಗಳಿಂದ ಬೇರೂರಿಬಿಟ್ಟಿದೆ.

ಸಸ್ಯಗಳ ಪಂಚಾಂಗವೇ ಬೇರೆ. ಮನುಷ್ಯರು ಬಾಗಿಲು ಮುಚ್ಚಿಕೊಳ್ಳುವ ದಿನಗಳಲ್ಲಿಯೇ ಈ ನಗರದ ಮರಗಳು ಮೈತುಂಬ ಹೂವು ತಳೆಯುತ್ತವೆ. ಫೆಬ್ರವರಿ, ಮಾರ್ಚ್ ತಿಂಗಳುಗಳಲ್ಲಿ ರಾಷ್ಟ್ರಪತಿ ಭವನದ ಅಮೃತ ಉದ್ಯಾನವನ್ನು (2023ರ ಜನವರಿಯವರೆಗೆ ಇದು ಮೊಘಲ್ ಉದ್ಯಾನ) ನೋಡಲು ಸಾಲುಗಟ್ಟಿ ನಿಲ್ಲುವ ಜನ, ಮೇ ತಿಂಗಳಲ್ಲಿ ತಮ್ಮ ಬೀದಿಯ ತಿರುವಿನಲ್ಲಿಯೇ ಹೊನ್ನಿನ ಗೊಂಚಲುಗಳನ್ನು ಇಳಿಬಿಟ್ಟು ನಿಂತ ಕಕ್ಕೆಯ ಮರವನ್ನು ತಲೆಯೆತ್ತಿ ನೋಡುವುದಿಲ್ಲ. ಚಳಿಗಾಲದ ಹೂವಿಗೆ ಮಾಲಿ ಬೇಕು, ಕುಂಡ ಬೇಕು, ದಿನವೂ ನೀರು ಬೇಕು. ಬೇಸಗೆಯ ಹೂವಿಗೆ ಬೇಕಾದುದು ನೋಡುವ ಕಣ್ಣು ಮಾತ್ರ. ಲೆಕ್ಕದ ಭಾಷೆಯಲ್ಲಿ ಹೇಳುವುದಾದರೆ ಇದು ಖರ್ಚಿನ ಬಾಬ್ತೇ ಇಲ್ಲದ ಆಸ್ತಿ. ಆದರೂ ಇಲ್ಲಿಯ ಕನ್ನಡಿಗರ ಜಮಾ ಪುಟದಲ್ಲಿ ಇದುವರೆಗೆ ಅದು ಏರಿಲ್ಲ.

ಹೂವನ್ನು ನೋಡುವುದನ್ನೇ ಒಂದು ಸಾಮೂಹಿಕ ವ್ರತದಂತೆ ಆಚರಿಸುವ ಜನ ಜಪಾನೀಯರು. ಅವರ ಭಾಷೆಯಲ್ಲಿ ‘ಹನಾ’ ಎಂದರೆ ಹೂವು, ‘ಮಿ’ ಎಂದರೆ ನೋಡುವುದು. ‘ಹನಾಮಿ’ ಎಂದರೆ ಹೂನೋಟ. ವಸಂತದ ಚೆರ್ರಿ ಹೂವಿನ ಹನಾಮಿಯ ಸಂಗತಿ ಜಗತ್ತಿಗೆಲ್ಲ ತಿಳಿದಿದೆ. ಆದರೆ ಅವರ ಹೂನೋಟ ವಸಂತಕ್ಕೆ ಮುಗಿಯುವುದಿಲ್ಲ. ಜೂನ್ ತಿಂಗಳ ಜಡಿಮಳೆಯಲ್ಲಿ ಕೊಡೆ ಹಿಡಿದು, ಟೋಕಿಯೋದಿಂದ ರೈಲಿನಲ್ಲಿ ಸುಮಾರು ಒಂದು ಗಂಟೆಯ ದೂರದ ಕಾಮಾಕುರಾ ಪಟ್ಟಣದ ಮೇಗೆತ್ಸು-ಇನ್ ದೇವಾಲಯಕ್ಕೆ ಅವರು ಹೋಗುತ್ತಾರೆ. ಅಲ್ಲಿಯ ಮೆಟ್ಟಿಲ ಹಾದಿಯ ಎರಡು ಕಡೆಯೂ ‘ಅಜಿಸಾಯಿ’ ಎಂಬ ನೀಲಿ ಹೂವಿನ ಪೊದೆಗಳು. ನಮ್ಮ ಮಡಿಕೇರಿ, ಊಟಿಗಳ ತೋಟಗಳಲ್ಲಿ ಹೈಡ್ರೇಂಜಿಯ ಎಂದು ಬೆಳೆಯುವ ಗಿಡವೇ ಅದು. ಜುಲೈ ತಿಂಗಳಲ್ಲಿ ಕ್ಯೋಟೋ ನಗರದ ಹೋಕೊಂಗೊ-ಇನ್ ದೇವಾಲಯದ ಕೊಳದಲ್ಲಿ ತಾವರೆ ಅರಳುತ್ತದೆ. ತಾವರೆ ನಸುಕಿನಲ್ಲಿ ಅರಳಿ ಮಧ್ಯಾಹ್ನದ ಹೊತ್ತಿಗೆ ಮುಚ್ಚಿಕೊಳ್ಳುವುದರಿಂದ ಭಕ್ತರೂ ನೋಟಕರೂ ಬೆಳಗಿನ ಜಾವದಲ್ಲಿಯೇ ಬರುತ್ತಾರೆ. ಹೀಗೆ ಬರುವವರಲ್ಲಿ ಹಳ್ಳಿಗಳಿಂದ ಮಹಾನಗರಕ್ಕೆ ವಲಸೆ ಬಂದು ಕಚೇರಿ, ಕಾರ್ಖಾನೆ, ಬ್ಯಾಂಕುಗಳಲ್ಲಿ ದುಡಿಯುವವರ ಕುಟುಂಬಗಳೂ ಸೇರಿರುತ್ತವೆ.

ಅಜಿಸಾಯಿಯ ಬಗ್ಗೆ ಒಂದು ಮಾತನ್ನು ವಿಶೇಷವಾಗಿ ಗಮನಿಸಬೇಕು. ಹುಳಿಯ ಅಂಶ ಹೆಚ್ಚಾಗಿರುವ ಮಣ್ಣಿನಲ್ಲಿ ಅದರ ಬೇರು ಅಲ್ಯೂಮಿನಿಯಮ್ಮನ್ನು ಹೀರಿಕೊಳ್ಳುತ್ತದೆ, ಹೂವು ನೀಲಿಯಾಗುತ್ತದೆ. ಕ್ಷಾರದ ಮಣ್ಣಿನಲ್ಲಿ ಅದೇ ಗಿಡ ಗುಲಾಬಿ ಬಣ್ಣದ ಹೂ ಬಿಡುತ್ತದೆ. ಬಣ್ಣ ಬದಲಾದರೂ ಗಿಡದ ಜಾತಿ ಬದಲಾಗುವುದಿಲ್ಲ. ಹುಟ್ಟಿದ ನೆಲವನ್ನು ಬಿಟ್ಟು ಬೇರೊಂದು ನೆಲದಲ್ಲಿ ಬೇರು ಬಿಟ್ಟ ಜನರಿಗೆ ಈ ಗಿಡದ ಸ್ವಭಾವದಲ್ಲಿ ಸಮಾಧಾನವೂ ಉಂಟು, ಎಚ್ಚರಿಕೆಯೂ ಉಂಟು.

ಇಂಥ ದೇವಾಲಯೋದ್ಯಾನವನ್ನು ನೋಡಲು ಜಪಾನಿಗೇ ಹೋಗಬೇಕಾಗಿಲ್ಲ. ಯಶವಂತಪುರದಿಂದ ಹೊರಟ ಸಂಪರ್ಕ ಕ್ರಾಂತಿ ರೈಲು ಕನ್ನಡಿಗರನ್ನು ಇಳಿಸುವ ಹಜರತ್ ನಿಜಾಮುದ್ದೀನ್ ನಿಲ್ದಾಣಕ್ಕೆ ಸಮೀಪದಲ್ಲಿ, ವರ್ತುಲ ರಸ್ತೆಯ ಅಂಚಿನಲ್ಲಿ ಇಂದ್ರಪ್ರಸ್ಥ ಉದ್ಯಾನವಿದೆ. ಅದರ ನಡುವೆ ಬಿಳಿಯ ಗುಮ್ಮಟದ ವಿಶ್ವಶಾಂತಿ ಸ್ತೂಪವು 2007ರಿಂದ ನಿಂತಿದೆ. ನಾಲ್ಕು ದಿಕ್ಕಿಗೂ ಹೊಂಬಣ್ಣದ ಬುದ್ಧ ಪ್ರತಿಮೆಗಳಿವೆ. ಇದನ್ನು ಕಟ್ಟಿಸಿದುದು ಜಪಾನಿನ ನಿಪ್ಪೊನ್‌ಜಾನ್ ಮ್ಯೋಹೋಜಿ ಎಂಬ ಬೌದ್ಧ ಸಂಘ. ಅದರ ಸ್ಥಾಪಕರಾದ ನಿಚಿದಾತ್ಸು ಫ್ಯೂಜಿ (1885–1985) ಅವರು 1931ರಲ್ಲಿ ಭಾರತಕ್ಕೆ ಬಂದು, 1933ರಲ್ಲಿ ವರ್ಧಾದಲ್ಲಿ ಗಾಂಧೀಜಿಯವರನ್ನು ಕಂಡವರು. ಹಿರೋಶಿಮಾ, ನಾಗಸಾಕಿಗಳ ದುರಂತದ ತರುವಾಯ ಅವರು ಶಾಂತಿ ಸ್ತೂಪಗಳನ್ನು ಕಟ್ಟುವ ಕಾರ್ಯವನ್ನು ಕೈಗೊಂಡರು. ಮೊದಲನೆಯದು 1954ರಲ್ಲಿ ಜಪಾನಿನ ಕುಮಾಮೊಟೊದಲ್ಲಿ ಎದ್ದಿತು. ಬಿಹಾರದ ರಾಜಗೀರದ ಸ್ತೂಪವನ್ನು 1969ರಲ್ಲಿ ಉದ್ಘಾಟಿಸಿದವರು ಅಂದಿನ ರಾಷ್ಟ್ರಪತಿ ವಿ. ವಿ. ಗಿರಿಯವರು, ಅದಕ್ಕೆ ಕೆಲವೇ ವರ್ಷಗಳ ಹಿಂದೆ ಅವರು ನಮ್ಮ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದರು. ಈ ಸಂಘದ ಭಿಕ್ಷುಗಳಿಗೆ ಪರಮ ಪೂಜ್ಯವಾದ ಗ್ರಂಥದ ಹೆಸರು ಸದ್ಧರ್ಮ ಪುಂಡರೀಕ ಸೂತ್ರ. ಪುಂಡರೀಕವೆಂದರೆ ಬಿಳಿಯ ತಾವರೆ, ಬೇಸಗೆಯ ಹೂವು.

ಇಂದ್ರಪ್ರಸ್ಥ ಉದ್ಯಾನ ಎದ್ದಿರುವ ನೆಲ ಒಂದು ಕಾಲದಲ್ಲಿ ನಗರದ ಕಸವನ್ನು ತಂದು ತುಂಬುತ್ತಿದ್ದ ಜಾಗವೆಂಬುದನ್ನು ಇಲ್ಲಿ ನೆನೆಯಬೇಕು. ಕೆಸರಿನಿಂದ ತಾವರೆ ಏಳುತ್ತದೆಂಬ ಮಾತನ್ನು ಹಿರಿಯರು ಹೇಳುತ್ತಲೇ ಬಂದಿದ್ದಾರೆ. ದೆಹಲಿಯ ಜನ ಅದನ್ನು ಕಣ್ಣಾರೆ ಕಾಣಬಹುದು.

ಇನ್ನು ಬೀದಿಯ ಮರಗಳ ಸಂಗತಿ. ಲೋದಿ ಉದ್ಯಾನದ ಪಕ್ಕದ ಅಮೃತಾ ಶೇರ್‌ಗಿಲ್ ಮಾರ್ಗವು ಕಕ್ಕೆ ಹೂವಿಗೆ ಇಡೀ ನಗರದಲ್ಲಿಯೇ ಹೆಸರಾಗಿದೆ. ಮೇ ನಡುವಿನಿಂದ ಜೂನ್ ನಡುವಿನವರೆಗೆ ಅಲ್ಲಿ ಎಲೆಗಿಂತ ಹೂವೇ ಹೆಚ್ಚು. ಉತ್ತರದವರು ಅಮಲ್ತಾಸ್ ಎನ್ನುವ ಈ ಮರವನ್ನು ಕೇರಳದವರು ವಿಷುವಿನ ಕಣಿಯಲ್ಲಿಟ್ಟು ಪೂಜಿಸುತ್ತಾರೆ. ಥಾಯ್ಲೆಂಡಿನವರು ರಾಷ್ಟ್ರಪುಷ್ಪವೆಂದು ಗೌರವಿಸುತ್ತಾರೆ. ನಮ್ಮೂರುಗಳಲ್ಲಿ ಮೇ-ಫ್ಲವರ್ ಎಂದು ಕರೆಯುವ ಗುಲ್‌ಮೊಹರ್ ಮಡಗಾಸ್ಕರ್ ದ್ವೀಪದಿಂದ ಬಂದ ವಲಸೆಗಾರ. ಇಂದು ಅದನ್ನು ಪರದೇಶಿಯೆನ್ನುವವರು ಯಾರೂ ಇಲ್ಲ. ನೇರಳೆ ಬಣ್ಣದ ಹೊಳೆದಾಸವಾಳ, ಬಿಸಿಲು ಹೆಚ್ಚಿದಷ್ಟೂ ಬಣ್ಣವೇರುವ ಕಾಗದದ ಹೂ, ಸಂಜೆಯ ಗಾಳಿಗೆ ಕಂಪನ್ನು ಕೂಡಿಸುವ ದುಂಡುಮಲ್ಲಿಗೆ ಇವೆಲ್ಲವೂ ಬಿಸಿಲಿನ ಕೊಡುಗೆಗಳು. ಕರ್ತವ್ಯ ಪಥದ ಇಕ್ಕೆಲದ ನೇರಳೆ ಮರಗಳಲ್ಲಿ ಹಣ್ಣಾಗುವುದೂ ಈ ಬೇಸಗೆ ಮಳೆಗೆ ತಿರುಗುವ ಹೊತ್ತಿಗೇ.

ಕನ್ನಡಿಗರಿಗೆ ಇದರಿಂದೇನು ಎಂದು ಕೇಳುವವರಿದ್ದಾರೆ. ಅವರು ತಮ್ಮ ಮನೆಯ ಹಿರಿಯರನ್ನೊಮ್ಮೆ ನೋಡಬೇಕು. ಹಿಂದೆ ದೆಹಲಿಯ ಕನ್ನಡಿಗನೆಂದರೆ ಕೇಂದ್ರ ಸರ್ಕಾರದ ನೌಕರ. ನಿವೃತ್ತನಾದೊಡನೆ ಊರಿಗೆ ಮರಳುವವನು. ಈಗ ಗುರುಗ್ರಾಮ, ನೋಯ್ಡಾಗಳಲ್ಲಿ ಮನೆ ಕೊಂಡು ನಿಂತ ಮಕ್ಕಳು ಊರಿನಲ್ಲಿ ಒಂಟಿಯಾದ ತಂದೆತಾಯಿಯರನ್ನು ಇಲ್ಲಿಗೇ ಕರೆತರುತ್ತಿದ್ದಾರೆ. ಧಾರವಾಡದಲ್ಲೋ ಮೈಸೂರಿನಲ್ಲೋ ಹಿತ್ತಿಲು, ಕಟ್ಟೆ, ನೆರೆಹೊರೆಗಳ ನಡುವೆ ಬಾಳಿದ ಜೀವಗಳು ಹದಿನಾಲ್ಕನೆಯ ಅಂತಸ್ತಿನ ಎರಡು ಕೋಣೆಗಳಲ್ಲಿ ದಿನವೆಣಿಸುತ್ತವೆ. ಹಿಂದಿ ಬಾರದು, ಲಿಫ್ಟಿನ ಗುಂಡಿ ಒತ್ತಲು ಅಳುಕು, ಮಗ ಸೊಸೆ ಕೆಲಸದಲ್ಲಿ, ಮೊಮ್ಮಕ್ಕಳು ಟ್ಯೂಷನ್ನಿನಲ್ಲಿ. ಚಳಿಗಾಲದಲ್ಲಿ ಹೊಗೆಯ ಭಯದಿಂದಲೂ ಬೇಸಗೆಯಲ್ಲಿ ಬಿಸಿಲಿನ ಭಯದಿಂದಲೂ ಅವರನ್ನು ಒಳಗೇ ಇರಿಸಲಾಗುತ್ತದೆ. ಈ ಏಕಾಂತವು ರಕ್ತದೊತ್ತಡ, ಮಧುಮೇಹಗಳಂತೆ ಯಾವ ಪರೀಕ್ಷೆಯ ವರದಿಯಲ್ಲಿಯೂ ಕಾಣಿಸುವುದಿಲ್ಲ. ಆದರೆ ಊಟ, ನಿದ್ರೆ, ನಡಿಗೆ, ನೆನಪು ಎಲ್ಲವನ್ನೂ ಸದ್ದಿಲ್ಲದೆ ಸವೆಸುತ್ತದೆ.

ಅದೇ ಹಿರಿಯರನ್ನು ಒಂದು ಮುಂಜಾವು ಕಕ್ಕೆಯ ಮರದ ಕೆಳಗೆ ನಿಲ್ಲಿಸಿದರೆ ಮಾತಿನ ದಿಕ್ಕೇ ಬದಲಾಗುತ್ತದೆ. ಅದು ಅವರು ಬಾಲ್ಯದಿಂದ ಕಂಡ ಮರ. ಅದರ ಕೋಲಿನಂಥ ಕಪ್ಪು ಕಾಯನ್ನು ಹಿಡಿದು ಆಡಿದವರಿದ್ದಾರೆ. ಅದರ ತಿರುಳನ್ನು ವೈದ್ಯರು ಔಷಧಕ್ಕೆ ಬಳಸುತ್ತಿದ್ದುದನ್ನು ನೋಡಿದವರಿದ್ದಾರೆ. ಮನೆಯಲ್ಲಿ ಮೊಬೈಲಿನ ಬಳಕೆಯನ್ನು ಮೊಮ್ಮಗಳಿಂದ ಕಲಿಯುವ ಅಜ್ಜಿ ಇಲ್ಲಿ ಕಲಿಸುವವರಾಗುತ್ತಾರೆ. ಮಗು ‘ಅಮಲ್ತಾಸ್’ ಎನ್ನುತ್ತದೆ, ಅಜ್ಜಿ ‘ಕಕ್ಕೆ’ ಎನ್ನುತ್ತಾರೆ. ಎರಡು ಹೆಸರೂ ಒಂದೇ ಮರಕ್ಕೆ ಸಲ್ಲುತ್ತವೆ. ದೆಹಲಿಯ ನೆಲ ಅಷ್ಟೇನೂ ಅಪರಿಚಿತವಲ್ಲವೆಂದು ಹಿರಿಯರಿಗೂ, ಕನ್ನಡವು ಮನೆಯೊಳಗಿನ ಮಾತು ಮಾತ್ರವಲ್ಲವೆಂದು ಕಿರಿಯರಿಗೂ ಏಕಕಾಲದಲ್ಲಿ ತಿಳಿಯುತ್ತದೆ. ಭಾಷೆಯನ್ನು ಉಳಿಸಬೇಕೆಂದು ಪ್ರತಿ ನವೆಂಬರಿನಲ್ಲಿಯೂ ವೇದಿಕೆಯಿಂದ ಹೇಳಲಾಗುತ್ತದೆ. ಮಗುವಿನ ಕಣ್ಣಮುಂದೆ ವಸ್ತುವನ್ನು ತೋರಿಸಿ ಅದರ ಹೆಸರನ್ನು ಹೇಳುವುದಕ್ಕಿಂತ ಮಿಗಿಲಾದ ಭಾಷಾಸೇವೆ ಯಾವುದು?

ಇದಕ್ಕೆ ಮೂರು ಆಕ್ಷೇಪಗಳು ಬರುವ ಸಂಭವವಿದೆ.

ಮೊದಲನೆಯದು: ಹೂವಿರುವುದು ದೇವರ ಪೂಜೆಗೆ, ಮುಡಿಯುವುದಕ್ಕೆ, ಬರಿದೆ ನೋಡಿ ಬರುವುದು ನಮ್ಮ ಪದ್ಧತಿಯಲ್ಲ. ಈ ಮಾತಿನಲ್ಲಿ ಸತ್ಯಾಂಶವಿದೆ. ಆದರೆ ಬೆಳಗಾಗುವ ಮೊದಲೇ ಪ್ಲಾಸ್ಟಿಕ್ ಚೀಲ ಹಿಡಿದು ಬಡಾವಣೆಯ ಉದ್ಯಾನಗಳ ದಾಸವಾಳ, ಕಣಗಿಲೆಗಳನ್ನು ಬೋಳಿಸುವ ಭಕ್ತಿ ಯಾವ ದೇವರಿಗೂ ಪ್ರಿಯವಾಗಲಾರದು. ತಾನು ನೀರೆರೆದ ಗಿಡದ ಹೂವನ್ನು ದೇವರಿಗೆ ಏರಿಸುವುದು ಪೂಜೆ. ಹತ್ತು ಜನರು ನೋಡಬೇಕಾದುದನ್ನು ಒಬ್ಬರೇ ಕಿತ್ತೊಯ್ಯುವುದಕ್ಕೆ ಬೇರೆ ಹೆಸರಿದೆ. ಜಪಾನಿನ ದೇವಾಲಯೋದ್ಯಾನಗಳಲ್ಲಿ ಸಾವಿರಾರು ಜನ ಬಂದು ಹೋದರೂ ಹೂವು ಗಿಡದಲ್ಲಿಯೇ ಉಳಿಯುತ್ತದೆ. ಅವರಿಂದ ಕಲಿಯತಕ್ಕ ಮೊದಲ ಪಾಠ ಇದೇ.

ಎರಡನೆಯದು: ಹೊರಗಿನವರ ಅನುಕರಣೆ ಏಕೆ? ಕಾರ್ತಿಕ ಮಾಸದಲ್ಲಿ ನೆಲ್ಲಿಯ ಮರದ ಕೆಳಗೆ ವನಭೋಜನ ಮಾಡುವ ಸಂಪ್ರದಾಯವಿರುವ ಜನ ಗಿಡಮರಗಳ ಬಳಿಗೆ ಗುಂಪಾಗಿ ಹೋಗುವುದನ್ನು ಯಾರಿಂದಲೂ ಎರವಲು ತರಬೇಕಾಗಿಲ್ಲ. ಗಣರಾಜ್ಯೋತ್ಸವಕ್ಕೂ ಸ್ವಾತಂತ್ರ್ಯೋತ್ಸವಕ್ಕೂ ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನಕ್ಕೆ ಜನ ಕಿಕ್ಕಿರಿಯುವುದು ನಮ್ಮ ಬೆಂಗಳೂರಿನಲ್ಲಿಯೇ ಅಲ್ಲವೆ? ವರ್ಷದ ಎಲ್ಲ ಋತುಗಳಲ್ಲಿಯೂ ಒಂದಿಲ್ಲೊಂದು ಬೀದಿಯಲ್ಲಿ ಹೂವಿರುವಂತೆ ಬೆಂಗಳೂರಿನ ಸಾಲುಮರಗಳನ್ನು ಯೋಜಿಸಿದವರು ಜರ್ಮನಿಯಿಂದ ಬಂದು ಮೈಸೂರು ಸಂಸ್ಥಾನದ ಸೇವೆಯಲ್ಲಿ ನೆಲೆನಿಂತ ಕ್ರುಂಬಿಗಲ್ ಅವರು. ಒಳ್ಳೆಯದನ್ನು ಹೊರಗಿನಿಂದ ತಂದು ನಮ್ಮದಾಗಿಸಿಕೊಳ್ಳುವುದು ನಮಗೆ ಹೊಸತಲ್ಲ.

ಮೂರನೆಯದು, ಎಲ್ಲಕ್ಕಿಂತ ತೂಕದ್ದು: ದೆಹಲಿಯ ಬಿಸಿಲು. ಇದನ್ನು ಹಗುರವಾಗಿ ಕಾಣುವಂತಿಲ್ಲ. 2024ರ ಮೇ 29ರಂದು ಸಫ್ದರ್‌ಜಂಗ್ ಹವಾಮಾನ ಕೇಂದ್ರದಲ್ಲಿ 46.8 ಡಿಗ್ರಿ ಸೆಲ್ಸಿಯಸ್ ದಾಖಲಾಯಿತು. ಆದುದರಿಂದ ಹೂನೋಟಕ್ಕೆ ಹೊರಡುವವರು ಕೆಲವು ನಿಯಮಗಳನ್ನು ಪಾಲಿಸಲೇಬೇಕು. ಬೆಳಗಿನ ಐದೂವರೆಗೆ ಹೊರಟು ಎಂಟಕ್ಕೆ ಮನೆ ಸೇರಬೇಕು. ಹವಾಮಾನ ಇಲಾಖೆ ಬಿಸಿಗಾಳಿಯ ಕೆಂಪು ಎಚ್ಚರಿಕೆ ಕೊಟ್ಟ ದಿನ ಹೊರಡಬಾರದು. ವಯಸ್ಸಾದಂತೆ ಬಾಯಾರಿಕೆಯ ಅರಿವು ಕುಗ್ಗುವುದರಿಂದ ಹಿರಿಯರಿಗೆ ಕೇಳದೆಯೇ ಆಗಾಗ ನೀರು ಕೊಡಬೇಕು. ರಕ್ತದೊತ್ತಡಕ್ಕಾಗಿಯೋ ಹೃದ್ರೋಗಕ್ಕಾಗಿಯೋ ಮೂತ್ರ ಹೆಚ್ಚಿಸುವ ಮಾತ್ರೆ ಸೇವಿಸುವವರು ನೀರು, ಉಪ್ಪುಗಳ ಪ್ರಮಾಣವನ್ನು ವೈದ್ಯರಲ್ಲಿ ಮೊದಲೇ ವಿಚಾರಿಸಬೇಕು. ಊರಿನಿಂದ ಆಗತಾನೆ ಬಂದಿಳಿದವರ ದೇಹ ಸೆಖೆಗೆ ಹೊಂದಿಕೊಳ್ಳಲು ಒಂದೆರಡು ವಾರ ಬೇಕು. ಅಲ್ಲಿಯವರೆಗೆ ದೀರ್ಘ ನಡಿಗೆ ಸಲ್ಲದು.

ನೀರುಮಜ್ಜಿಗೆ, ಬೆಲ್ಲದ ಪಾನಕ, ಹೆಸರುಬೇಳೆಯ ಕೋಸಂಬರಿ ಇವು ರಾಮನವಮಿಗೆ ಸೀಮಿತವಾಗದೆ ಬೇಸಗೆಯುದ್ದಕ್ಕೂ ಸಲ್ಲುವ ಆಹಾರಗಳು. ಮಧುಮೇಹಿಗಳು ಪಾನಕವನ್ನು ಬಿಡುವುದು ಲೇಸು. ಬೆವರಿ ಬಳಲಿದವರಿಗೆ ಒಂದು ಲೀಟರು ಶುದ್ಧ ನೀರಿಗೆ ಆರು ಸಮ ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು ಬೆರೆಸಿ ಗುಟುಕು ಗುಟುಕಾಗಿ ಕುಡಿಸಬಹುದು. ಮೈ ಕಾದು, ಮಾತು ತೊದಲಿ, ಪ್ರಜ್ಞೆ ಮಂಕಾದರೆ ಅದು ಬಿಸಿಲಾಘಾತ. ಆಗ ನೆರಳಿಗೆ ಒಯ್ದು, ಮೈಮೇಲೆ ತಣ್ಣೀರು ಸುರಿದು ಗಾಳಿ ಬೀಸುತ್ತ, ತಡಮಾಡದೆ 112ಕ್ಕೆ ಕರೆಮಾಡಿ ಆಸ್ಪತ್ರೆಗೆ ಸಾಗಿಸಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು. ಮಕ್ಕಳ ವಿಷಯದಲ್ಲಿ ಇನ್ನೂ ಒಂದು ಎಚ್ಚರ ಅಗತ್ಯ. ರಸ್ತೆಯ ನಡುಪಟ್ಟಿಗಳಲ್ಲಿ ಅಂದವಾಗಿ ಅರಳುವ ಕಣಗಿಲೆಯ ಎಲೆ, ಹೂ, ಕಾಂಡ ಎಲ್ಲವೂ ಹೃದಯಕ್ಕೆ ವಿಷ, ಕಚ್ಚಲು ಬಿಡಬಾರದು. ಕಕ್ಕೆಯ ಕಾಯಿಯ ತಿರುಳು ಭೇದಿ ಮಾಡಿಸುವಂಥದು; ಆಯುರ್ವೇದದಲ್ಲಿ ಆರಗ್ವಧವೆಂದು ಹೆಸರಿದ್ದ ಮಾತ್ರಕ್ಕೆ ಸ್ವಂತ ವೈದ್ಯಕ್ಕೆ ಇಳಿಯಬಾರದು. ಇಷ್ಟು ಎಚ್ಚರ ವಹಿಸಿದರೆ ಬೇಸಗೆಯ ಮುಂಜಾವು ಭಯದ ಹೊತ್ತಲ್ಲ.

ಹೂನೋಟ ಬರಿಯ ವಿಹಾರವಲ್ಲವೆಂಬುದಕ್ಕೆ ಇನ್ನೊಂದು ಕಾರಣವೂ ಇದೆ. 2018ರಲ್ಲಿ ಸರೋಜಿನಿ ನಗರ, ನೇತಾಜಿ ನಗರ, ನೌರೋಜಿ ನಗರ ಮೊದಲಾದ ಏಳು ಸರ್ಕಾರಿ ವಸತಿ ಬಡಾವಣೆಗಳ ಪುನರ್ನಿರ್ಮಾಣಕ್ಕಾಗಿ 14 ಸಾವಿರಕ್ಕೂ ಹೆಚ್ಚು ಮರಗಳನ್ನು ಕಡಿಯುವ ಯೋಜನೆ ಬೆಳಕಿಗೆ ಬಂದಿತು. ನಾಗರಿಕರು ಬೀದಿಗಿಳಿದು ಮರಗಳನ್ನು ತಬ್ಬಿ ನಿಂತರು. ದೆಹಲಿ ಉಚ್ಚ ನ್ಯಾಯಾಲಯ ಕಡಿತಕ್ಕೆ ತಡೆ ನೀಡಿತು. ಸರ್ಕಾರ ಯೋಜನೆಯನ್ನು ಮರುಪರಿಶೀಲಿಸಬೇಕಾಯಿತು. ಇಂಥ ಸರ್ಕಾರಿ ಬಡಾವಣೆಗಳ ನೆರಳಿನಲ್ಲಿಯೇ ಅಲ್ಲವೆ ದೆಹಲಿ ಕನ್ನಡಿಗರ ಒಂದು ತಲೆಮಾರು ಬೆಳೆದದ್ದು? ಹೆಸರು ತಿಳಿಯದ ಮರವನ್ನು ಕಡಿದಾಗ ಖಾಲಿ ಜಾಗ ಮಾತ್ರ ಕಾಣುತ್ತದೆ. ಹೆಸರು ತಿಳಿದ ಮರವನ್ನು ಕಡಿದಾಗ ನಷ್ಟ ಕಾಣುತ್ತದೆ. ಕಾಂಕ್ರೀಟಿನಲ್ಲಿ ಹೂತ ಮರಗಳ ಸುತ್ತ ಒಂದು ಮೀಟರು ಮಣ್ಣು ಬಿಡಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಲಿ 2013ರಲ್ಲಿಯೇ ಆದೇಶಿಸಿದೆ. ಅದು ತಮ್ಮ ಬೀದಿಯಲ್ಲಿ ನಡೆದಿದೆಯೆ ಎಂದು ನೋಡಲು ಮರದ ಬುಡದವರೆಗೆ ಹೋದವರಿಗೆ ಮಾತ್ರ ಸಾಧ್ಯ. ನಗರದ ಕಾವು ಏರುತ್ತಿರುವ ಈ ದಿನಗಳಲ್ಲಿ ನೆರಳೆಂಬುದು ಅಲಂಕಾರವಲ್ಲ. ಅದು ಆರೋಗ್ಯದ ಮೂಲಧನ. ಅದನ್ನು ಸವಕಳಿಗೆ ಬಿಟ್ಟು ಕೂತವರು ಮುಂದಿನ ಪೀಳಿಗೆಗೆ ಸಾಲವನ್ನು ಬರೆದಿಡುತ್ತಾರೆ.

ಕಾರ್ಯರೂಪಕ್ಕೆ ತರುವುದು ಕಷ್ಟವೇನಲ್ಲ. ಪ್ರತಿವರ್ಷ ಬುದ್ಧ ಪೂರ್ಣಿಮೆಯ ತರುವಾಯ, ಮೇ ತಿಂಗಳ ಕೊನೆಯೊಳಗೆ ಬರುವ ಒಂದು ಭಾನುವಾರವನ್ನು ಕನ್ನಡ ಸಂಘಗಳು ಹೂನೋಟದ ದಿನವೆಂದು ಗೊತ್ತುಮಾಡಲಿ. ಮೊದಲ ಮೆಟ್ರೋಗೆ ಕಾಯದೆ, ಕಾರಿರುವವರು ನೆರೆಯ ಹಿರಿಯರಿಬ್ಬರನ್ನು ಕೂರಿಸಿಕೊಂಡು ಬರಲಿ. ಬಾಗಿಲು ತೆರೆಯುವ ಹೊತ್ತನ್ನು ಮುಂಚೆಯೇ ವಿಚಾರಿಸಿ ಒಂದು ವರ್ಷ ಶಾಂತಿ ಸ್ತೂಪಕ್ಕೆ, ಮರುವರ್ಷ ಲೋದಿ ಉದ್ಯಾನಕ್ಕೆ, ಮತ್ತೊಂದು ವರ್ಷ 2018ರಲ್ಲಿ ಹೊಸದಾಗಿ ತೆರೆದ, ಮುನ್ನೂರಕ್ಕೂ ಹೆಚ್ಚು ಜಾತಿಯ ಮರಗಳುಳ್ಳ ಸುಂದರ್ ನರ್ಸರಿಗೆ ಹೋಗಬಹುದು. ಲೋದಿ ಎಸ್ಟೇಟಿನಲ್ಲಿಯೇ ಕನ್ನಡ ಶಾಲೆಯಿದೆ. ಉದ್ಯಾನ ಅಲ್ಲಿಂದ ನಡೆದು ಹೋಗುವಷ್ಟು ಸಮೀಪ. ಅಲ್ಲಿಯ ಮಕ್ಕಳು ಮರಗಳ ಕನ್ನಡ ಹೆಸರುಗಳ ಪಟ್ಟಿಯೊಂದನ್ನು ಹಿರಿಯರಿಂದ ಕೇಳಿ ಬರೆದರೆ ಅದೊಂದು ಪಾಠವೂ ಆಗುತ್ತದೆ. ಭಾಷಣ ಬೇಡ, ಹಾರ ಬೇಡ, ಸನ್ಮಾನ ಬೇಡ. ವೈದ್ಯರೊಬ್ಬರು ಜೊತೆಗಿರಲಿ, ಮಜ್ಜಿಗೆಯ ಪಾತ್ರೆ ಇರಲಿ. ಬಂದವರು ತಾವು ಉಂಟುಮಾಡಿದ ಕಸವನ್ನು ತಾವೇ ಹೊತ್ತು ಮರಳಲಿ.

ಊರಿಗೆ ಹೋಗುವವರು ಹೋಗಲಿ. ಊರಿನ ಹಂಬಲ ತಪ್ಪಲ್ಲ. ಆದರೆ ವರ್ಷದ ಹನ್ನೊಂದು ತಿಂಗಳು ಅನ್ನವಿಕ್ಕುವ ನೆಲ ತನ್ನ ಅತ್ಯುತ್ತಮವಾದುದನ್ನು ಹೊರತೆಗೆಯುವ ದಿನಗಳಲ್ಲಿ ಅದನ್ನು ಒಮ್ಮೆಯಾದರೂ ನೋಡದೆ ಇರುವುದು ಅತಿಥಿಗೂ ಒಪ್ಪುವ ನಡತೆಯಲ್ಲ, ಮನೆಯವರಿಗಂತೂ ಅಲ್ಲವೇ ಅಲ್ಲ. ದೆಹಲಿಯ ಕನ್ನಡಿಗರು ಇಲ್ಲಿ ಅತಿಥಿಗಳೋ ಮನೆಯವರೋ ಎಂಬ ಹಳೆಯ ಪ್ರಶ್ನೆಗೆ ಸಭೆ ಸಮಾರಂಭಗಳಲ್ಲಿ ಉತ್ತರ ದೊರೆತಿಲ್ಲ. ಮುಂದಿನ ಮೇ ತಿಂಗಳ ಒಂದು ಮುಂಜಾವು ಮನೆಯ ಹಿರಿಯರ ಕೈಹಿಡಿದು ಹೊರಗೆ ಬರುವವರು ಅದಕ್ಕೆ ತಮ್ಮ ಉತ್ತರವನ್ನು ಕೊಡಬಲ್ಲರು.